ಶಿಕ್ಷೆಯಾದ ಮೇಲೆ ಸಿಕ್ಕ ಸಾಕ್ಷ್ಯ: ಕ್ರಿಮಿನಲ್ ಮೇಲ್ಮನವಿಯಲ್ಲಿ ಅದನ್ನು ನ್ಯಾಯಾಲಯದ ಮುಂದಿಡುವ ಬಗೆ

ಶಿಕ್ಷೆಯ ಆದೇಶವಾಗಿ ಕೆಲವು ವಾರಗಳಾದ ಮೇಲೆ ಮನೆಯವರು ವಕೀಲರ ಕಚೇರಿಗೆ ಬರುತ್ತಾರೆ. ತೀರ್ಪಿನ ನಕಲಿನ ಜೊತೆಗೆ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಆಸ್ಪತ್ರೆಯ ಚೀಟಿ, ಪರದೆ ಒಡೆದ ಮೊಬೈಲ್, ಲಾರಿ ಕಚೇರಿಯ ರಸೀದಿ. "ಸಾರ್, ಇದನ್ನು ಯಾರೂ ನೋಡಲೇ ಇಲ್ಲ. ಜಡ್ಜ್ ಅವರಿಗೆ ಇದೊಂದನ್ನು ತೋರಿಸಿ, ನಮ್ಮ ಹುಡುಗ ಹೊರಗೆ ಬರುತ್ತಾನೆ" ಎನ್ನುತ್ತಾರೆ.

ಹೀಗೆ ತೋರಿಸಲು ಕಾನೂನಿನಲ್ಲಿ ದಾರಿ ಇದೆ, ಆದರೆ ಅದು ಕಿರಿದು. ಕಾಗದ ನಿಜವೇ ಸುಳ್ಳೇ ಎಂದು ಕೇಳುವ ಮೊದಲು ಪೀಠ ಕೇಳುವುದು "ಇದು ಇಷ್ಟು ದಿನ ಎಲ್ಲಿತ್ತು?" ಎಂದು. ಒಳ್ಳೆಯ ಸಾಕ್ಷ್ಯವಿದ್ದೂ ಈ ಪ್ರಶ್ನೆಗೆ ಉತ್ತರವಿಲ್ಲದೆ ತಿರಸ್ಕೃತವಾದ ಅರ್ಜಿಗಳನ್ನು ನೋಡಿ ನನಗೆ ಸಂಕಟವಾಗಿದೆ. ಆ ಉತ್ತರವನ್ನು ಹೇಗೆ ಸಿದ್ಧಪಡಿಸಬೇಕು ಎಂಬುದೇ ಈ ಬರಹದ ಹೆಚ್ಚಿನ ಭಾಗ. ಶಿಕ್ಷೆಗೊಳಗಾದವರ ಮನೆಯವರು ಮತ್ತು ಮೇಲ್ಮನವಿಯ ಕೆಲಸಕ್ಕೆ ಹೊಸಬರಾದ ಕಿರಿಯ ವಕೀಲರು, ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ವಿಷಯ ತಿಳಿಯಾಗಲೆಂದು ಒಂದು ಕಲ್ಪಿತ ಪ್ರಕರಣವನ್ನು ಇಟ್ಟುಕೊಳ್ಳೋಣ. ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ 2022ರ ಮಾರ್ಚ್ ತಿಂಗಳ ಒಂದು ರಾತ್ರಿ ಹತ್ತೂವರೆಗೆ ಕೊಲೆ ನಡೆಯಿತು ಎಂಬುದು ಪೊಲೀಸರ ವಾದ. ಲಾರಿ ಚಾಲಕನೊಬ್ಬನಿಗೆ ಜೀವಾವಧಿ ಶಿಕ್ಷೆಯಾಗಿದೆ. ತೀರ್ಪಿನ ನಂತರ ಒಂದು ಫಾಸ್ಟ್‌ಟ್ಯಾಗ್ ವಿವರ ಸಿಗುತ್ತದೆ. ಅದರ ಪ್ರಕಾರ ಆ ರಾತ್ರಿ 10.40ಕ್ಕೆ ಅವನ ಲಾರಿ ಹಿರಿಯೂರಿನ ಬಳಿಯ ಗುಯಿಲಾಳು ಟೋಲ್ ದಾಟಿದೆ. ಹತ್ತು ನಿಮಿಷದಲ್ಲಿ ಹಾವೇರಿಯಿಂದ ಹಿರಿಯೂರಿಗೆ ಯಾರೂ ಬರಲಾರರು.

ಹೆಜ್ಜೆ 1: ಮೊದಲು ಮೇಲ್ಮನವಿ ಜೀವಂತವಾಗಿರಲಿ

ಹೆಚ್ಚುವರಿ ಸಾಕ್ಷ್ಯದ ಅರ್ಜಿ ತಾನೇ ತಾನಾಗಿ ನಿಲ್ಲುವುದಿಲ್ಲ, ಅದು ಮೇಲ್ಮನವಿಯೊಳಗಿನ ಅರ್ಜಿ. ಆದ್ದರಿಂದ ಅವಧಿ ಮೀರದಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಸೆಷನ್ಸ್ ನ್ಯಾಯಾಲಯ ವಿಚಾರಣೆ ನಡೆಸಿ ಶಿಕ್ಷೆ ಕೊಟ್ಟಿದ್ದರೆ, ಅಥವಾ ಬೇರೆ ನ್ಯಾಯಾಲಯ ಏಳು ವರ್ಷಕ್ಕಿಂತ ಹೆಚ್ಚಿನ ಸೆರೆವಾಸ ವಿಧಿಸಿದ್ದರೆ ಮೇಲ್ಮನವಿ ಉಚ್ಚ ನ್ಯಾಯಾಲಯಕ್ಕೆ ಹೋಗುತ್ತದೆ. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯಾದರೆ ಸಾಮಾನ್ಯವಾಗಿ ಸೆಷನ್ಸ್ ನ್ಯಾಯಾಲಯಕ್ಕೆ. 1963ರ ಕಾಲಮಿತಿ ಅಧಿನಿಯಮದಂತೆ ಉಚ್ಚ ನ್ಯಾಯಾಲಯಕ್ಕೆ 60 ದಿನ, ಸೆಷನ್ಸ್ ನ್ಯಾಯಾಲಯಕ್ಕೆ 30 ದಿನ, ಮರಣದಂಡನೆಯಾಗಿದ್ದರೆ 30 ದಿನ. ದೃಢೀಕೃತ ನಕಲು ಪಡೆಯಲು ಹಿಡಿದ ಕಾಲವನ್ನು ಇದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಡವಾಗಿದ್ದರೆ ಅದೇ ಅಧಿನಿಯಮದ 5ನೇ ಕಲಮಿನಡಿ ವಿಳಂಬ ಮನ್ನಿಸುವಂತೆ ಕೇಳಬಹುದು.

ನಮ್ಮ ಚಾಲಕನ ಮೇಲ್ಮನವಿ ಧಾರವಾಡ ಪೀಠಕ್ಕೆ ಹೋಗುತ್ತದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದವರದು ಕಲಬುರಗಿ ಪೀಠಕ್ಕೆ. ವಕೀಲರನ್ನು ಇಡಲು ಹಣವಿಲ್ಲದಿದ್ದರೆ ಕೈಚೆಲ್ಲಬೇಡಿ. ಸೆರೆಯಲ್ಲಿರುವ ವ್ಯಕ್ತಿ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಡಿ ಉಚಿತ ಕಾನೂನು ನೆರವಿಗೆ ಅರ್ಹ. ಜಿಲ್ಲಾ ಪ್ರಾಧಿಕಾರದ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ, ಸಹಾಯವಾಣಿ 15100. ಜೈಲಿನ ಅಧಿಕಾರಿಯ ಮೂಲಕವೂ ಮೇಲ್ಮನವಿ ಸಲ್ಲಿಸಬಹುದು.

ಸೆರೆವಾಸದ ಶಿಕ್ಷೆಯಾದ ಆರೋಪಿಗೆ ತೀರ್ಪಿನ ಒಂದು ನಕಲನ್ನು ಉಚಿತವಾಗಿ ಕೊಡಲೇಬೇಕು. ಆದರೆ ತೀರ್ಪೊಂದನ್ನೇ ಓದಿದರೆ ಸಾಲದು. ಎಲ್ಲ ಸಾಕ್ಷಿಗಳ ಹೇಳಿಕೆ, ಆದೇಶ ಹಾಳೆ (ಪ್ರತಿ ದಿನ ನ್ಯಾಯಾಲಯದಲ್ಲಿ ನಡೆದದ್ದರ ದಾಖಲೆ), ಗುರುತು ಮಾಡಿದ ದಾಖಲೆಗಳು, ನ್ಯಾಯಾಧೀಶರ ಪ್ರಶ್ನೆಗಳಿಗೆ ಆರೋಪಿ ಕೊಟ್ಟ ಉತ್ತರಗಳು, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಮಿನ ಹೇಳಿಕೆ (ಹೊಸ ಸಂಹಿತೆಯಲ್ಲಿ 351), ಎಲ್ಲದರ ನಕಲಿಗೂ ನಕಲು ಶಾಖೆಯಲ್ಲಿ ಅರ್ಜಿ ಹಾಕಿ. ಇದು ಏಕೆ ಬೇಕು ಎಂಬುದು ಮುಂದೆ ತಿಳಿಯುತ್ತದೆ.

ಹೆಜ್ಜೆ 2: ಕಲಮನ್ನು ಅದರ ಮಾತುಗಳಲ್ಲಿಯೇ ಅರ್ಥ ಮಾಡಿಕೊಳ್ಳಿ

ಮೇಲ್ಮನವಿಯಲ್ಲಿ ಹೆಚ್ಚುವರಿ ಸಾಕ್ಷ್ಯ ಪಡೆಯುವ ಅಧಿಕಾರ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 391ನೇ ಕಲಂ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 432. ಆ ದಿನಕ್ಕೆ ಮುನ್ನವೇ ದಾಖಲಾಗಿ ಬಾಕಿ ಇದ್ದ ಮೇಲ್ಮನವಿಗಳು 531ನೇ ಕಲಮಿನ ಪ್ರಕಾರ ಹಳೆಯ ಸಂಹಿತೆಯಂತೆಯೇ ನಡೆಯುತ್ತವೆ. ಸಂದೇಹವಿದ್ದರೆ ಅರ್ಜಿಯ ತಲೆಬರಹದಲ್ಲಿ ಎರಡೂ ಕಲಮುಗಳನ್ನು ಬರೆಯಿರಿ. ಸಂಖ್ಯೆ ತಪ್ಪಾಯಿತೆಂಬ ಒಂದೇ ಕಾರಣಕ್ಕೆ ಅಧಿಕಾರ ಇಲ್ಲವಾಗುವುದಿಲ್ಲ.

ಕಲಂ ಹೇಳುವುದು ಇಷ್ಟು. ಹೆಚ್ಚುವರಿ ಸಾಕ್ಷ್ಯ ಅವಶ್ಯವೆಂದು ಮೇಲ್ಮನವಿ ನ್ಯಾಯಾಲಯಕ್ಕೆ ತೋರಿದರೆ, ಅದು ಕಾರಣಗಳನ್ನು ದಾಖಲಿಸಿ ತಾನೇ ಸಾಕ್ಷ್ಯ ಪಡೆಯಬಹುದು, ಅಥವಾ ಮ್ಯಾಜಿಸ್ಟ್ರೇಟರು ಪಡೆಯುವಂತೆ ನಿರ್ದೇಶಿಸಬಹುದು. ಉಚ್ಚ ನ್ಯಾಯಾಲಯವಾದರೆ ಸೆಷನ್ಸ್ ನ್ಯಾಯಾಲಯಕ್ಕೂ ಈ ಕೆಲಸವನ್ನು ಒಪ್ಪಿಸಬಹುದು. ಸಾಕ್ಷ್ಯ ಪಡೆಯುವಾಗ ಹಾಜರಿರುವ ಹಕ್ಕು ಆರೋಪಿಗೂ ಅವನ ವಕೀಲರಿಗೂ ಇದೆ.

ಇಡೀ ಕಲಂ 'ಅವಶ್ಯ' ಎಂಬ ಪದದ ಮೇಲೆ ನಿಂತಿದೆ. ಆ ಪದದ ಅಳತೆ ಏನೆಂಬುದನ್ನು ಸರ್ವೋಚ್ಚ ನ್ಯಾಯಾಲಯ 1965ರ ರಾಜೇಶ್ವರ ಪ್ರಸಾದ್ ಮಿಶ್ರಾ ತೀರ್ಪಿನಲ್ಲಿ ವಿವರಿಸಿತು: ಆ ಸಾಕ್ಷ್ಯವಿಲ್ಲದೆ ತೀರ್ಪು ಬರೆಯಲು ಅಸಾಧ್ಯವಾಗಬೇಕೆಂದೇನಿಲ್ಲ, ಅದಿಲ್ಲದೆ ನ್ಯಾಯ ಸೋಲುವಂತಿರಬೇಕು. ಈ ಅಧಿಕಾರವನ್ನು ಅಪರೂಪಕ್ಕೆ, ತಕ್ಕ ಪ್ರಕರಣದಲ್ಲಿ ಮಾತ್ರ ಬಳಸಬೇಕೆಂದೂ ಅಲ್ಲಿಯೇ ಹೇಳಿತು. 2011ರ ಅಶೋಕ್ ಶೆರಿಂಗ್ ಭುಟಿಯಾ ತೀರ್ಪು ಇದನ್ನು ಮುಂದುವರಿಸಿ, ಹೆಚ್ಚುವರಿ ಸಾಕ್ಷ್ಯ ಮರುವಿಚಾರಣೆಯ ವೇಷವಾಗಬಾರದು, ಆರೋಪಿಗೆ ಅನ್ಯಾಯವಾಗುವಂತೆಯೂ ಇರಬಾರದು ಎಂದಿತು.

ಇಲ್ಲಿ ಆಗಾಗ ಎರಡು ಗೊಂದಲಗಳಾಗುತ್ತವೆ. ಸಿವಿಲ್ ಮೇಲ್ಮನವಿಯಲ್ಲಿ ಹೆಚ್ಚುವರಿ ಸಾಕ್ಷ್ಯಕ್ಕೆಂದು ಇರುವ 41ನೇ ಆದೇಶದ 27ನೇ ನಿಯಮವನ್ನು ಕ್ರಿಮಿನಲ್ ಅರ್ಜಿಯಲ್ಲಿ ಉಲ್ಲೇಖಿಸುವುದು ಒಂದು. ವಿಚಾರಣೆಯ ಹಂತದಲ್ಲಿ ಸಾಕ್ಷಿಯನ್ನು ಮತ್ತೆ ಕರೆಸುವ 311ನೇ ಕಲಮನ್ನು (ಈಗ 348) ಮೇಲ್ಮನವಿಯಲ್ಲಿ ಮುಖ್ಯ ಆಧಾರವಾಗಿ ಹಿಡಿಯುವುದು ಇನ್ನೊಂದು. ಇವುಗಳ ತತ್ವಗಳು ಹತ್ತಿರದವಾದರೂ ಅರ್ಜಿ ನಿಲ್ಲುವುದು 391 ಅಥವಾ 432ರ ಮೇಲೆಯೇ.

ಈ ಬಾಗಿಲು ಸರ್ಕಾರಕ್ಕೂ ತೆರೆದಿದೆ ಎಂಬುದು ನೆನಪಿರಲಿ. ಆರೋಪಿಗಳು ಬಿಡುಗಡೆಯಾಗಿದ್ದ ಬೆಸ್ಟ್ ಬೇಕರಿ ಪ್ರಕರಣದಲ್ಲಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಅಧಿಕಾರದ ವ್ಯಾಪ್ತಿಯನ್ನು ದೀರ್ಘವಾಗಿ ಚರ್ಚಿಸಿ, ಕೊನೆಗೆ ಗುಜರಾತಿನ ಹೊರಗೆ, ಮಹಾರಾಷ್ಟ್ರದಲ್ಲಿ ಮರುವಿಚಾರಣೆ ನಡೆಸುವಂತೆ ಆದೇಶಿಸಿತು.

ಹೆಜ್ಜೆ 3: ನಿಜವಾಗಿಯೂ ಹೊಸದೇ ಎಂದು ಕಡತದಲ್ಲಿ ಹುಡುಕಿ

ಚೀಲದಲ್ಲಿರುವುದು ಹೊಸ ಸಾಕ್ಷ್ಯವೆಂದು ಮನೆಯವರು ನಂಬಿರುತ್ತಾರೆ. ಕಡತ ತೆರೆದರೆ ಅದೇ ಕಾಗದದ ಮೇಲೆ 'ನಿಶಾನೆ ಡಿ-3' (ಆರೋಪಿಯ ಕಡೆಯ ಮೂರನೇ ದಾಖಲೆ) ಎಂಬ ಗುರುತು ಇರುವುದುಂಟು. ಆಗ ಹೆಚ್ಚುವರಿ ಸಾಕ್ಷ್ಯದ ಅರ್ಜಿ ಬೇಕಿಲ್ಲ. ಇದ್ದ ಸಾಕ್ಷ್ಯವನ್ನು ಕೆಳ ನ್ಯಾಯಾಲಯ ಗಮನಿಸಲಿಲ್ಲ ಎಂಬುದನ್ನೇ ಮೇಲ್ಮನವಿಯ ಆಧಾರವಾಗಿ ಹಿಡಿಯಬೇಕು. ಅದು ಇನ್ನೂ ಬಲವಾದ ವಾದ. ದೋಷಾರೋಪ ಪಟ್ಟಿಯ ಜೊತೆಗಿದ್ದೂ ಗುರುತಾಗದೆ ಉಳಿದ ಕಾಗದಗಳಿರಬಹುದು, ಹೆಸರಿದ್ದೂ ವಿಚಾರಣೆಯಾಗದೆ ಕೈಬಿಟ್ಟ ಸಾಕ್ಷಿಗಳಿರಬಹುದು. ಅವನ್ನೆಲ್ಲ ಪಟ್ಟಿ ಮಾಡಿಕೊಳ್ಳಿ.

ಆಮೇಲೆ 313ರ ಹೇಳಿಕೆಯನ್ನು ಎರಡು ಸಲ ಓದಿ. ನಮ್ಮ ಚಾಲಕ ಅಲ್ಲಿ "ಆ ರಾತ್ರಿ ನಾನು ಲಾರಿಯಲ್ಲಿ ಬೆಂಗಳೂರಿನ ಕಡೆ ಹೋಗುತ್ತಿದ್ದೆ" ಎಂದು ಒಂದು ಸಾಲು ಹೇಳಿದ್ದರೂ ಅದು ಬಂಗಾರ. ಹೊಸ ದಾಖಲೆ ಆಗ ಹಳೆಯ ಮಾತಿಗೆ ಬೆಂಬಲವಾಗುತ್ತದೆ. ಎಲ್ಲ ಪ್ರಶ್ನೆಗಳಿಗೂ "ಸುಳ್ಳು", "ಗೊತ್ತಿಲ್ಲ" ಎಂದಷ್ಟೇ ಉತ್ತರಿಸಿದ್ದರೆ, ಶಿಕ್ಷೆಯಾದ ಮೇಲೆ ಹುಟ್ಟಿದ ಕಥೆ ಇದು ಎಂದು ಸರ್ಕಾರಿ ಅಭಿಯೋಜಕರು ವಾದಿಸುವುದು ಖಂಡಿತ. ಫಿರ್ಯಾದಿಯ ಕಡೆಯ ಸಾಕ್ಷಿಗಳ ಪಾಟೀ ಸವಾಲಿನಲ್ಲಿ (ಎದುರು ಪಕ್ಷದ ವಕೀಲರು ಪ್ರಶ್ನಿಸುವ ಹಂತ) ಈ ವಿಷಯದ ಸೂಚನೆ ಬಂದಿದೆಯೇ ಎಂಬುದನ್ನೂ ನೋಡಿ.

ಹೆಜ್ಜೆ 4: "ಇಷ್ಟು ದಿನ ಎಲ್ಲಿತ್ತು?"

ಇಡೀ ಕೆಲಸದ ಪ್ರಾಣ ಇಲ್ಲಿದೆ. 2024ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅಜಿತ್‌ಸಿಂಹ ಚೆಹೂಜಿ ರಾಠೋಡ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಚೆಕ್ ಅಮಾನ್ಯದ ಪ್ರಕರಣ ಅದು. ಚೆಕ್ಕಿನ ಮೇಲಿನ ಸಹಿ ತನ್ನದಲ್ಲ, ಕೈಬರಹ ತಜ್ಞರಿಂದ ಪರೀಕ್ಷೆ ಮಾಡಿಸಬೇಕು ಎಂದು ಆರೋಪಿ ಮೇಲ್ಮನವಿಯ ಹಂತದಲ್ಲಿ ಕೇಳಿದ. ಬ್ಯಾಂಕಿನಲ್ಲಿರುವ ಮಾದರಿ ಸಹಿಯ ದೃಢೀಕೃತ ನಕಲನ್ನು ವಿಚಾರಣೆಯ ಕಾಲದಲ್ಲಿಯೇ ತರಿಸಿಕೊಳ್ಳಬಹುದಿತ್ತು, ಅದನ್ನು ಮಾಡದೆ ಮೇಲ್ಮನವಿಯಲ್ಲಿ ಕೇಳಿದರೆ ಆಗದು ಎಂದಿತು ನ್ಯಾಯಾಲಯ. ತಕ್ಕ ಎಚ್ಚರ ವಹಿಸಿದ್ದರೂ ವಿಚಾರಣೆಯಲ್ಲಿ ಸಾಕ್ಷ್ಯ ಹಾಜರುಪಡಿಸಲು ಅಡ್ಡಿಯಾಗಿದ್ದರೆ, ಅಥವಾ ಆ ಸಂಗತಿ ವಿಚಾರಣೆ ಮುಗಿದ ಮೇಲೆ ಬೆಳಕಿಗೆ ಬಂದಿದ್ದರೆ ಮಾತ್ರ ಈ ಅಧಿಕಾರ ಬಳಕೆಯಾಗಬೇಕು ಎಂಬುದು ಆ ತೀರ್ಪಿನ ತಿರುಳು.

ಈಗ ನಮ್ಮ ಫಾಸ್ಟ್‌ಟ್ಯಾಗ್ ವಿವರಕ್ಕೆ ಮರಳೋಣ. ಕಾಗದ ಒಂದೇ ಆದರೂ ಅದರ ಹಿಂದೆ ಮೂರು ಬಗೆಯ ಕಥೆ ಇರಬಹುದು.

ಮೊದಲನೆಯದು: ಚಾಲಕನಿಗೆ ವಿಷಯ ಗೊತ್ತಿತ್ತು, ಮಾಲೀಕರು ಅದೇ ಊರಿನಲ್ಲಿದ್ದರು, ವಿವರವನ್ನು ಯಾರೂ ಕೇಳಲಿಲ್ಲ. ಈ ಕಥೆ ದುರ್ಬಲ. ಆದರೂ ದಾಖಲೆ ನಿರ್ವಿವಾದವಾಗಿದ್ದು ಇಡೀ ಪ್ರಕರಣವನ್ನೇ ಉರುಳಿಸುವಂತಿದ್ದರೆ, ನ್ಯಾಯ ಸೋಲಬಾರದೆಂಬ 1965ರ ತತ್ವವನ್ನು ಹಿಡಿದು ಅರ್ಜಿ ಹಾಕಲೇಬೇಕು. ಉದಾಸೀನವನ್ನು ಮುಚ್ಚಿಡಬೇಡಿ. ತಪ್ಪಾಗಿದೆ ಎಂದು ಒಪ್ಪಿಕೊಂಡು, ತಪ್ಪಿನ ಬೆಲೆ ಒಬ್ಬ ಮನುಷ್ಯನ ಜೀವಮಾನವಾಗಬಾರದು ಎಂದು ಕೇಳಿ.

ಎರಡನೆಯದು: ವಿಚಾರಣೆಯಲ್ಲಿಯೇ ವಿವರ ತರಿಸಿಕೊಡಿ ಎಂದು 91ನೇ ಕಲಮಿನಡಿ (ಈಗ 94) ಅರ್ಜಿ ಹಾಕಲಾಗಿತ್ತು, ನ್ಯಾಯಾಲಯ ತಳ್ಳಿಹಾಕಿತು. ಇದು ಎಲ್ಲಕ್ಕಿಂತ ಬಲವಾದ ಕಥೆ. ಆ ಅರ್ಜಿ ಮತ್ತು ಆದೇಶದ ನಕಲು ನಿಮ್ಮ ಮೊದಲ ಅನುಬಂಧವಾಗಬೇಕು. ಆದೇಶ ಹಾಳೆಯನ್ನು ಒಂದೊಂದು ದಿನದಂತೆ ಓದಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. "ಆರೋಪಿ ಪರ ವಕೀಲರು ಸಮಯ ಕೇಳಿದರು, ತಿರಸ್ಕರಿಸಲಾಗಿದೆ" ಎಂಬ ಒಂದು ಸಾಲಿಗೂ ಇಲ್ಲಿ ಬೆಲೆ ಇದೆ.

ಮೂರನೆಯದು: ಬಂಧನವಾದ ದಿನದಿಂದ ಚಾಲಕ ಜೈಲಿನಲ್ಲಿದ್ದ. ಟ್ಯಾಗ್ ಮಾಲೀಕರ ಹೆಸರಿನಲ್ಲಿತ್ತು. ಅವರು ಲಾರಿ ಮಾರಿ ಬೇರೆ ರಾಜ್ಯಕ್ಕೆ ಹೋಗಿದ್ದರು. ಶಿಕ್ಷೆಯ ಸುದ್ದಿ ತಿಳಿದ ಮೇಲೆ ಅವರೇ ಬ್ಯಾಂಕಿನಿಂದ ವಿವರ ತೆಗೆಸಿ ಕಳುಹಿಸಿದರು. ಇದೂ ಒಳ್ಳೆಯ ಉತ್ತರವೇ, ಆದರೆ ಪ್ರತಿ ಕೊಂಡಿಗೂ ಪುರಾವೆ ಬೇಕು. ಬಂಧನದ ದಿನಾಂಕ, ಲಾರಿ ಮಾರಿದ ಕಾಗದ, ಮಾಲೀಕರ ಪ್ರಮಾಣಪತ್ರ (ಅಫಿಡವಿಟ್), ಬ್ಯಾಂಕಿಗೆ ಬರೆದ ಪತ್ರ ಎಲ್ಲವೂ ಜೊತೆಗಿರಲಿ.

ಇದಕ್ಕಾಗಿ ಇಂದೇ ಒಂದು ನೋಟ್‌ಬುಕ್ ತೆಗೆದು ದಿನಚರಿ ಬರೆಯಲು ತೊಡಗಿ. ಸಾಕ್ಷ್ಯದ ಸುಳಿವು ಯಾವ ದಿನ, ಯಾರಿಂದ, ಹೇಗೆ ಸಿಕ್ಕಿತು? ಮರುದಿನ ಏನು ಮಾಡಿದಿರಿ? ವಿವರ ತಿಳಿದೂ ಎಂಟು ತಿಂಗಳು ಸುಮ್ಮನಿದ್ದರೆ, ಆ ಎಂಟು ತಿಂಗಳಿಗೂ ಉತ್ತರ ಕೊಡಬೇಕಾಗುತ್ತದೆ.

ಹಿಂದಿನ ವಕೀಲರ ಮೇಲೆ ಎಲ್ಲವನ್ನೂ ಹೊರಿಸುವ ಆಸೆ ಹಲವರಿಗೆ ಇರುತ್ತದೆ. ಎಚ್ಚರಿಕೆಯಿರಲಿ. "ವಕೀಲರು ಸರಿಯಾಗಿ ನಡೆಸಲಿಲ್ಲ" ಎಂಬ ಸಾಮಾನ್ಯ ಮಾತಿಗೆ ಪೀಠಗಳು ಕಿವಿಗೊಡುವುದಿಲ್ಲ. ಆದರೆ ಮುಖ್ಯ ಸಾಕ್ಷಿಯ ಪಾಟೀ ಸವಾಲು ನಡೆಯಲೇ ಇಲ್ಲ, ಸಾಕ್ಷ್ಯದ ದಿನ ವಕೀಲರೇ ಇರಲಿಲ್ಲ ಎಂಬುದು ಆದೇಶ ಹಾಳೆಯಿಂದಲೇ ಕಂಡರೆ ಅದನ್ನು ದಿನಾಂಕಸಹಿತ ತೋರಿಸಿ. 2019ರ ಆತ್ಮಾರಾಮ್ ತೀರ್ಪು ಇಲ್ಲಿ ನೆರವಾಗುತ್ತದೆ. ರಾಜಸ್ಥಾನದ ಆ ಪ್ರಕರಣದಲ್ಲಿ ಹನ್ನೆರಡು ಸಾಕ್ಷಿಗಳ ಹೇಳಿಕೆಯನ್ನು ಆರೋಪಿಗಳ ಗೈರುಹಾಜರಿಯಲ್ಲಿ ದಾಖಲಿಸಲಾಗಿತ್ತು. ಆ ಸಾಕ್ಷಿಗಳನ್ನು ಆರೋಪಿಗಳ ಎದುರಿನಲ್ಲಿ ಮತ್ತೆ ವಿಚಾರಿಸುವಂತೆ ಉಚ್ಚ ನ್ಯಾಯಾಲಯ ಕೊಟ್ಟ ನಿರ್ದೇಶನವನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು.

ಹೆಜ್ಜೆ 5: ಸಾಕ್ಷ್ಯವನ್ನು ಕಾಪಾಡಿ, ನ್ಯಾಯಾಲಯ ಒಪ್ಪುವ ರೂಪಕ್ಕೆ ತನ್ನಿ

ಮೊದಲು ಮುದ್ದೆಮಾಲು, ಅಂದರೆ ಪೊಲೀಸರು ವಶಪಡಿಸಿಕೊಂಡ ವಸ್ತುಗಳು. ತೀರ್ಪಿನ ಕೊನೆಯ ಪುಟದಲ್ಲಿ ವಶಪಡಿಸಿಕೊಂಡ ಬಟ್ಟೆ, ಕತ್ತಿ, ರಕ್ತದ ಮಾದರಿಗಳನ್ನು 'ನಾಶಪಡಿಸತಕ್ಕದ್ದು' ಎಂಬ ಸಾಲು ಇರುತ್ತದೆ. ಮನೆಯವರು ಅದನ್ನು ಗಮನಿಸುವುದೇ ಇಲ್ಲ. ಹಳೆಯ ಸಂಹಿತೆಯ 452ನೇ ಕಲಮಿನಂತೆ (ಈಗ 498) ಅಂಥ ಆದೇಶವನ್ನು ಎರಡು ತಿಂಗಳವರೆಗೆ, ಮೇಲ್ಮನವಿ ಸಲ್ಲಿಸಿದ್ದರೆ ಅದು ತೀರ್ಮಾನವಾಗುವವರೆಗೆ, ಸಾಮಾನ್ಯವಾಗಿ ಜಾರಿಗೊಳಿಸುವಂತಿಲ್ಲ. ಆದರೂ ನಂಬಿ ಕೂರಬೇಡಿ. ಡಿಎನ್‌ಎ ಪರೀಕ್ಷೆ ಕೇಳುವ ಉದ್ದೇಶವಿದ್ದರೆ ಮುದ್ದೆಮಾಲನ್ನು ಕಾಪಾಡಿ ಇಡುವಂತೆ ಪ್ರತ್ಯೇಕ ಮಧ್ಯಂತರ ಅರ್ಜಿ ಹಾಕಿ, ಆದೇಶದ ಪ್ರತಿಯನ್ನು ಕೆಳ ನ್ಯಾಯಾಲಯಕ್ಕೆ ತಲುಪಿಸಿ. ವಿಜ್ಞಾನದ ಸಾಕ್ಷ್ಯ ಎಷ್ಟು ನಿರ್ಣಾಯಕವಾಗಬಲ್ಲದು ಎಂಬುದನ್ನು ನಮ್ಮ ರಾಜ್ಯ ಹತ್ತಿರದಿಂದ ಕಂಡಿದೆ. ಹೆಂಡತಿಯನ್ನು ಕೊಂದ ಆರೋಪದ ಮೇಲೆ ಕೊಡಗಿನ ವ್ಯಕ್ತಿಯೊಬ್ಬರು ವರ್ಷಕ್ಕೂ ಮೀರಿ ಜೈಲಿನಲ್ಲಿದ್ದರು. ಸಿಕ್ಕಿದ್ದ ಅಸ್ಥಿಪಂಜರದ ಡಿಎನ್‌ಎ ಹೊಂದಿಕೆಯಾಗಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯಲ್ಲಿ ಜೀವಂತವಾಗಿ ಕಂಡರು. ಅದು ಮೈಸೂರಿನಲ್ಲಿ ವಿಚಾರಣೆಯ ಹಂತದಲ್ಲಿದ್ದ ಪ್ರಕರಣ. ಅದೇ ಸತ್ಯ ಶಿಕ್ಷೆಯಾದ ಮೇಲೆ ಹೊರಬಂದಿದ್ದರೆ, ನಾವು ಈಗ ಮಾತನಾಡುತ್ತಿರುವ ಬಾಗಿಲಿನಿಂದಲೇ ಅದು ಒಳಗೆ ಬರಬೇಕಾಗುತ್ತಿತ್ತು.

ಇನ್ನು ಮೊಬೈಲ್, ಸಿಸಿಟಿವಿ, ಟೋಲ್ ದಾಖಲೆಯಂಥವು. ಮುದ್ರಿಸಿದ ಹಾಳೆ ಅಥವಾ ಪೆನ್‌ಡ್ರೈವ್ ಮಾತ್ರ ಸಾಲದು. ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನ (ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63) ಪ್ರಮಾಣಪತ್ರ, ಅಂದರೆ ಸರ್ಟಿಫಿಕೇಟ್, ಕಡ್ಡಾಯ ಎಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು ಸ್ಪಷ್ಟಪಡಿಸಿದೆ. ಹೊಸ ಅಧಿನಿಯಮದ ನಮೂನೆಯಲ್ಲಿ ಎರಡು ಭಾಗಗಳಿವೆ. ಒಂದನ್ನು ಸಾಧನದ ಉಸ್ತುವಾರಿ ಇರುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತು ಸಂಕೇತ) ನಮೂದಿಸಬೇಕು. ಮೂಲ ಮೊಬೈಲ್ ಮನೆಯಲ್ಲಿದ್ದರೆ ಅದನ್ನು ಬಳಸಬೇಡಿ, ಫಾರ್ಮ್ಯಾಟ್ ಮಾಡಬೇಡಿ, ರಿಪೇರಿಗೂ ಕೊಡಬೇಡಿ; ಲಕೋಟೆಯಲ್ಲಿಟ್ಟು ದಿನಾಂಕ ಬರೆದು ವಕೀಲರಿಗೆ ಒಪ್ಪಿಸಿ. ಟೆಲಿಕಾಂ ಕಂಪನಿಗಳು ಕರೆ ವಿವರಗಳನ್ನು ಸದಾಕಾಲ ಇಟ್ಟಿರುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಪರವಾನಗಿ ಷರತ್ತು ಬದಲಾಗಿ ಕನಿಷ್ಠ ಅವಧಿ ಎರಡು ವರ್ಷವಾಯಿತು. ಅದು ಮೀರುವ ಮುನ್ನ ಕಾಪಾಡಿ ಇಡುವಂತೆ ಆದೇಶ ಪಡೆಯಬೇಕು.

ಫಾಸ್ಟ್‌ಟ್ಯಾಗ್ ವಿವರದಲ್ಲಿ ಒಂದು ಬಿರುಕಿದೆ, ಅದನ್ನು ನೀವೇ ಮೊದಲು ಕಾಣಬೇಕು. ಲಾರಿ ಟೋಲ್ ದಾಟಿತು ಎಂದು ಅದು ಹೇಳುತ್ತದೆ. ಚಾಲಕನ ಸೀಟಿನಲ್ಲಿ ಯಾರಿದ್ದರು ಎಂದು ಹೇಳುವುದಿಲ್ಲ. ಆ ರಾತ್ರಿ ಡೀಸೆಲ್ ಹಾಕಿಸಿದ ಬಿಲ್ಲಿನಲ್ಲಿ ಸಹಿ ಇದೆಯೇ? ಮರುದಿನ ಸರಕು ಇಳಿಸಿಕೊಂಡ ಗೋದಾಮಿನ ವಹಿಯಲ್ಲಿ ಅವನ ಹೆಸರಿದೆಯೇ? ಅವನ ಮೊಬೈಲ್ ಯಾವ ಟವರಿನ ವ್ಯಾಪ್ತಿಯಲ್ಲಿತ್ತು? ತಾನು ಬೇರೆಡೆ ಇದ್ದೆ ಎಂಬ ವಾದವನ್ನು ರುಜುವಾತುಪಡಿಸುವ ಹೊಣೆ ಆರೋಪಿಯದೇ. ಈ ಕೊಂಡಿಗಳನ್ನು ಸೇರಿಸದೆ ಅರ್ಜಿ ಹಾಕಿದರೆ ಸರ್ಕಾರಿ ಅಭಿಯೋಜಕರ ಒಂದೇ ಪ್ರಶ್ನೆಗೆ ಅದು ಕುಸಿಯುತ್ತದೆ.

ಸಾಕ್ಷಿಗಳ ವಿಷಯದಲ್ಲಿ ಕಟುವಾಗಿಯೇ ಹೇಳುತ್ತೇನೆ. ವಿಚಾರಣೆಯಲ್ಲಿ ನಿಮ್ಮ ವಿರುದ್ಧ ನುಡಿದ ಸಾಕ್ಷಿ ಈಗ "ಆಗ ಸುಳ್ಳು ಹೇಳಿದೆ" ಎನ್ನುತ್ತಿದ್ದಾನೆ ಎಂದು ಸ್ಟಾಂಪ್ ಕಾಗದ ಹಿಡಿದು ಬರುವವರು ಬಹಳ. ನ್ಯಾಯಾಲಯಗಳು ಇಂಥ ಕಾಗದವನ್ನು ತೀವ್ರ ಸಂಶಯದಿಂದ ನೋಡುತ್ತವೆ, ಹಾಗೆ ನೋಡುವುದು ಸರಿಯೂ ಹೌದು. ಶಿಕ್ಷೆಯಾದ ಮೇಲೆ ಊರಿನಲ್ಲಿ ಎಂಥ ಒತ್ತಡಗಳು ನಡೆಯುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಮನೆಯವರು ಸಾಕ್ಷಿಯ ಮನೆಗೆ ಹೋಗಲೇಬಾರದು, ಹಣದ ಮಾತಂತೂ ಬೇಡವೇ ಬೇಡ. ಅವನು ತಾನಾಗಿ ಬಂದರೆ ವಕೀಲರು ಮಾತನಾಡಲಿ. ತನ್ನ ಮೇಲೆ ಸುಳ್ಳು ಸಾಕ್ಷ್ಯದ ಮೊಕದ್ದಮೆ ಬೀಳಬಹುದೆಂದು ಅವನಿಗೆ ತಿಳಿಸಲಿ. ಅವನ ಬದಲಾದ ಮಾತಿಗೆ ಸ್ವತಂತ್ರ ದಾಖಲೆಯ ಬೆಂಬಲವಿದ್ದಾಗ ಮಾತ್ರ ಅದನ್ನು ಅರ್ಜಿಗೆ ಸೇರಿಸಿ.

ಹೆಜ್ಜೆ 6: ಅರ್ಜಿ ಮತ್ತು ಪ್ರಮಾಣಪತ್ರ

ಅರ್ಜಿ ಚಿಕ್ಕದಿರಲಿ, ಪ್ರಮಾಣಪತ್ರ (ಅಫಿಡವಿಟ್) ವಿವರವಾಗಿರಲಿ. ಉಚ್ಚ ನ್ಯಾಯಾಲಯದಲ್ಲಿ ಕಾಗದಪತ್ರಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ. ಪ್ರಮಾಣ ಮಾಡುವವರು ಕನ್ನಡ ಮಾತ್ರ ಬಲ್ಲವರಾದರೆ ಅವರಿಗೆ ಕನ್ನಡದಲ್ಲಿ ಓದಿ ವಿವರಿಸಲಾಗಿದೆ ಎಂಬ ಷರಾ ಹಾಕಿಸಿ. ಸೆರೆಯಲ್ಲಿರುವವರ ಸಹಿಯನ್ನು ಜೈಲಿನ ಅಧಿಕಾರಿ ದೃಢೀಕರಿಸಬೇಕು. ಸಂಗತಿ ತಿಳಿದವರೇ ಪ್ರಮಾಣ ಮಾಡಲಿ. ಬ್ಯಾಂಕಿನಿಂದ ವಿವರ ತಂದವರು ಮಾಲೀಕರಾದರೆ ಅವರ ಪ್ರಮಾಣಪತ್ರವೂ ಬೇಕು. ಚಾಲಕನ ತಂದೆ "ನನಗೆ ತಿಳಿದುಬಂದಿದೆ" ಎಂದು ಬರೆದರೆ ತೂಕವಿರುವುದಿಲ್ಲ.

ಪ್ರಮಾಣಪತ್ರದ ತಿರುಳು ಹೀಗಿರಬಹುದು:

"ನಾನು ಬಂಧನದ ದಿನದಿಂದ ಇಂದಿನವರೆಗೆ ನ್ಯಾಯಾಂಗ ಬಂಧನದಲ್ಲಿದ್ದೇನೆ. ಘಟನೆಯ ರಾತ್ರಿ ನಾನು ಲಾರಿ ಚಲಾಯಿಸುತ್ತಿದ್ದೆನೆಂದು ನನ್ನ ಹೇಳಿಕೆಯ 41ನೇ ಪ್ರಶ್ನೆಗೆ ಉತ್ತರವಾಗಿ ತಿಳಿಸಿದ್ದೇನೆ. ಸದರಿ ಲಾರಿಯ ಫಾಸ್ಟ್‌ಟ್ಯಾಗ್ ಖಾತೆ ನನ್ನ ಹೆಸರಿನಲ್ಲಿ ಇರಲಿಲ್ಲ. ಅದರ ವಿವರ ತೀರ್ಪಿನ ನಂತರ, ಮಾಲೀಕರು ಬ್ಯಾಂಕಿನಿಂದ ಪಡೆದು ಕಳುಹಿಸಿದಾಗ ನನಗೆ ಮೊದಲ ಬಾರಿಗೆ ತಿಳಿಯಿತು. ಅದು ಅನುಬಂಧ 'ಬಿ'. ಪ್ರಾಸಿಕ್ಯೂಷನ್ ಸಾಕ್ಷಿ 3 ಮತ್ತು 5 ಹೇಳುವ ಸಮಯಕ್ಕೆ ನಾನು ಸ್ಥಳದಲ್ಲಿರಲು ಸಾಧ್ಯವಿರಲಿಲ್ಲ ಎಂಬುದು ಇದರಿಂದ ಮತ್ತು ಅನುಬಂಧ 'ಸಿ', 'ಡಿ' ಇವುಗಳಿಂದ ಕಂಡುಬರುತ್ತದೆ."

ಪ್ರಾರ್ಥನೆಯಲ್ಲಿ "ದಾಖಲೆಗಳನ್ನು ಸ್ವೀಕರಿಸಬೇಕು" ಎಂದಷ್ಟೇ ಕೇಳಿ ನಿಲ್ಲಿಸಬೇಡಿ. ಯಾವ ದಾಖಲೆ, ಅದನ್ನು ಯಾವ ಸಾಕ್ಷಿಯ ಮೂಲಕ ಗುರುತಿಸಬೇಕು, ಸಾಕ್ಷ್ಯವನ್ನು ಪೀಠವೇ ಪಡೆಯಬೇಕೇ ಅಥವಾ ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಬೇಕೇ, ಎಲ್ಲವನ್ನೂ ಬರೆಯಿರಿ. ದಾಖಲೆಯ ನೈಜತೆಯನ್ನು ಒಪ್ಪುವಿರಾ ಎಂದು ಎದುರು ಪಕ್ಷವನ್ನು 294ನೇ ಕಲಮಿನಡಿ (ಈಗ 330) ಕೇಳುವುದೂ ಜಾಣತನ. ಒಪ್ಪಿದರೆ ಒಂದು ಸಾಕ್ಷಿಯ ವಿಚಾರಣೆ ಉಳಿಯುತ್ತದೆ. ಶಿಕ್ಷೆ ಅಮಾನತು ಕೋರುವ ಅರ್ಜಿಯೂ (ಹಳೆಯ 389, ಈಗ 430) ಬಾಕಿ ಇದ್ದರೆ ಹೊಸ ಸಾಕ್ಷ್ಯವನ್ನು ಅಲ್ಲಿಯೂ ಗಮನಕ್ಕೆ ತನ್ನಿ.

ಹೆಜ್ಜೆ 7: ಪೀಠದ ಮುಂದೆ

ಇಂಥ ಅರ್ಜಿಯನ್ನು ಮೇಲ್ಮನವಿಯ ಅಂತಿಮ ವಾದದ ಜೊತೆಗೇ ಕೇಳೋಣ ಎನ್ನುವುದು ಸಾಮಾನ್ಯ. ಇಡೀ ಸಾಕ್ಷ್ಯ ನೋಡದೆ ಹೊಸದು ಅವಶ್ಯವೇ ಎಂದು ಹೇಳುವುದು ಕಷ್ಟ ಎಂಬ ಕಾರಣದಲ್ಲಿ ಹುರುಳಿದೆ. ಆದರೆ ಸಾಕ್ಷಿ ವೃದ್ಧರಾಗಿದ್ದರೆ, ಕಾಯಿಲೆಯಲ್ಲಿದ್ದರೆ, ದಾಖಲೆ ಅಳಿಯುವ ಸಂಭವವಿದ್ದರೆ ಬೇಗ ಕೇಳಬೇಕೆಂದು ಲಿಖಿತವಾಗಿ ಕೋರಿ.

ಸರ್ಕಾರದ ಕಡೆಯ ಆಕ್ಷೇಪಣೆ ಹೆಚ್ಚಾಗಿ ಎರಡೇ: ಪ್ರಕರಣದ ಲೋಪ ಮುಚ್ಚಲು ಹೊರಟಿದ್ದಾರೆ, ಬೇಕೆಂದೇ ತಡ ಮಾಡಿದ್ದಾರೆ. ಎರಡನೆಯದಕ್ಕೆ ನಿಮ್ಮ ದಿನಚರಿ ಉತ್ತರ. ಮೊದಲನೆಯದಕ್ಕೆ, ಹೊಸ ಸಾಕ್ಷ್ಯ ತೀರ್ಪಿನ ಯಾವ ಪ್ಯಾರಾವನ್ನು ಕೆಡವುತ್ತದೆ ಎಂದು ಬೆರಳಿಟ್ಟು ತೋರಿಸುವುದೇ ಉತ್ತರ. "ತೀರ್ಪಿನ 38ನೇ ಪ್ಯಾರಾದಲ್ಲಿ ಶಿಕ್ಷೆಗೆ ಆಧಾರವಾಗಿರುವುದು ಪ್ರಾಸಿಕ್ಯೂಷನ್ ಸಾಕ್ಷಿ 3 ಹೇಳಿದ ಸಮಯ, ಆ ಸಮಯವೇ ಈ ದಾಖಲೆಯಿಂದ ಸುಳ್ಳಾಗುತ್ತದೆ" ಎಂಬ ಒಂದು ವಾಕ್ಯ ಹತ್ತು ತೀರ್ಪುಗಳ ಉಲ್ಲೇಖಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಹೆಜ್ಜೆ 8: ಅರ್ಜಿ ಒಪ್ಪಿಗೆಯಾದರೆ

ಒಪ್ಪಿಗೆಯಾಯಿತೆಂದರೆ ಬಿಡುಗಡೆಯಾಯಿತೆಂದಲ್ಲ. ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಿದರೆ ಅಲ್ಲಿ ಸಾಕ್ಷಿಯ ಮುಖ್ಯ ವಿಚಾರಣೆ, ಪಾಟೀ ಸವಾಲು ಎಲ್ಲವೂ ನಡೆಯುತ್ತವೆ. ಆ ನ್ಯಾಯಾಲಯ ಸಾಕ್ಷ್ಯವನ್ನು ಪ್ರಮಾಣೀಕರಿಸಿ ಮೇಲಕ್ಕೆ ಕಳುಹಿಸುತ್ತದೆ. ತೀರ್ಪು ಕೊಡುವುದು ಮೇಲ್ಮನವಿ ನ್ಯಾಯಾಲಯವೇ. ಸೆರೆಯಲ್ಲಿರುವ ಆರೋಪಿಯ ಹಾಜರಾತಿಗೆ ಮುಂಚೆಯೇ ಬಾಡಿ ವಾರಂಟ್ (ಜೈಲಿನಿಂದ ಕರೆತರುವ ಆದೇಶ) ಕೇಳಿ. ಹೊಸ ಸಾಕ್ಷ್ಯದಲ್ಲಿ ಆರೋಪಿಯ ವಿರುದ್ಧದ ಸಂಗತಿ ಬಂದರೆ ಅದರ ಬಗ್ಗೆ ಅವನ ವಿವರಣೆ ಪಡೆಯಬೇಕೆಂದು ಒತ್ತಾಯಿಸಿ.

ನೀವು ಕರೆಸಿದ ಸಾಕ್ಷಿ ನಿಮ್ಮನ್ನೇ ಮುಳುಗಿಸಬಹುದು. ಗೋದಾಮಿನ ಗುಮಾಸ್ತ ಪಾಟೀ ಸವಾಲಿನಲ್ಲಿ "ಅಂದು ಲಾರಿ ತಂದವನು ಬೇರೆ ಚಾಲಕ" ಎಂದುಬಿಟ್ಟರೆ, ಅದುವರೆಗೆ ಇದ್ದ ಸಂಶಯದ ಲಾಭವೂ ಕೈತಪ್ಪುತ್ತದೆ. ಅರ್ಜಿ ಹಾಕುವ ಮುನ್ನವೇ ವಕೀಲರು ಪ್ರತಿ ಸಾಕ್ಷಿಯೊಂದಿಗೆ ಮಾತನಾಡಿರಬೇಕು.

ಅರ್ಜಿ ತಿರಸ್ಕೃತವಾದರೆ? ಸೆಷನ್ಸ್ ನ್ಯಾಯಾಲಯ ತಿರಸ್ಕರಿಸಿದ್ದಾದರೆ ಉಚ್ಚ ನ್ಯಾಯಾಲಯದ ಅಂತರ್ಗತ ಅಧಿಕಾರವನ್ನು (ಹಳೆಯ 482, ಈಗ 528) ಕೋರಬಹುದು. ಉಚ್ಚ ನ್ಯಾಯಾಲಯವೇ ತಿರಸ್ಕರಿಸಿದರೆ ಸಂವಿಧಾನದ 136ನೇ ವಿಧಿಯಡಿ ಸರ್ವೋಚ್ಚ ನ್ಯಾಯಾಲಯಕ್ಕೆ ವಿಶೇಷ ಅನುಮತಿ ಅರ್ಜಿ. ಏನೇ ಆದರೂ ಇದ್ದ ಸಾಕ್ಷ್ಯದ ಮೇಲಿನ ವಾದವನ್ನು ಸಡಿಲ ಬಿಡಬೇಡಿ; ಎಷ್ಟೋ ಮೇಲ್ಮನವಿಗಳು ಗೆಲ್ಲುವುದು ಹಳೆಯ ಕಡತದಲ್ಲಿಯೇ.

ಮೇಲ್ಮನವಿ ಮುಗಿದ ಮೇಲೆ

ಸಹಿಯಾದ ತೀರ್ಪನ್ನು ಅದೇ ನ್ಯಾಯಾಲಯ ಬದಲಿಸುವಂತಿಲ್ಲ, ಬರಹದ ತಪ್ಪು ತಿದ್ದುವುದನ್ನು ಬಿಟ್ಟು (ಹಳೆಯ 362, ಈಗ 403). ಎಲ್ಲ ಮೇಲ್ಮನವಿಗಳೂ ಮುಗಿದ ಮೇಲೆ ಸಿಕ್ಕ ಹೊಸ ಸಾಕ್ಷ್ಯವನ್ನು ಪರಿಶೀಲಿಸಲು ನಮ್ಮಲ್ಲಿ ಪ್ರತ್ಯೇಕ ವ್ಯವಸ್ಥೆ ಇಲ್ಲ. ಇದು ದೊಡ್ಡ ಕೊರತೆ ಎಂದು ನಾನು ಬಲವಾಗಿ ನಂಬಿದ್ದೇನೆ. ಉಳಿಯುವುದು ಸರ್ವೋಚ್ಚ ನ್ಯಾಯಾಲಯದಲ್ಲಿ ಪುನರ್ವಿಮರ್ಶೆ ಮತ್ತು ಅದೂ ವಿಫಲವಾದ ಮೇಲಿನ ಕೊನೆಯ ಅರ್ಜಿಯಾದ ಕ್ಯುರೇಟಿವ್ ಅರ್ಜಿ, ಮತ್ತೆ ರಾಜ್ಯಪಾಲರಿಗೆ ಅಥವಾ ರಾಷ್ಟ್ರಪತಿಗೆ ಕ್ಷಮಾದಾನದ ಮನವಿ. ಆದ್ದರಿಂದ ಮೇಲ್ಮನವಿ ಅಂತಿಮ ವಾದದ ಪಟ್ಟಿಗೆ ಬರುವ ಮುನ್ನವೇ ಅರ್ಜಿ ಕಡತದಲ್ಲಿರಲಿ.

ಒಂದು ವಿಷಯಕ್ಕೆ ಮಾತ್ರ ಈ ಅಡ್ಡಿಯಿಲ್ಲ. ಅಪರಾಧ ನಡೆದ ದಿನ ಆರೋಪಿಗೆ 18 ವರ್ಷ ತುಂಬಿರಲಿಲ್ಲ ಎಂಬ ವಾದವನ್ನು ಬಾಲನ್ಯಾಯ ಅಧಿನಿಯಮದ 9ನೇ ಕಲಮಿನಂತೆ ಯಾವ ನ್ಯಾಯಾಲಯದಲ್ಲಾದರೂ, ಯಾವ ಹಂತದಲ್ಲಾದರೂ, ಪ್ರಕರಣ ಅಂತಿಮವಾಗಿ ಮುಗಿದ ಮೇಲೂ ಎತ್ತಬಹುದು. ಪುಣೆಯ 1994ರ ಕೊಲೆ ಪ್ರಕರಣವೊಂದರಲ್ಲಿ ಮರಣದಂಡನೆಗೆ ಗುರಿಯಾಗಿದ್ದ ವ್ಯಕ್ತಿಗೆ ಘಟನೆಯ ದಿನ ಹನ್ನೆರಡೂವರೆ ವರ್ಷ ವಯಸ್ಸಾಗಿತ್ತು ಎಂದು 2023ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿ ಬಿಡುಗಡೆ ಮಾಡಿತು. ಆ ವೇಳೆಗೆ ಅವರು 28 ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದಿದ್ದರು. ಅವರ ಪರವಾಗಿ ನಿಂತದ್ದು ರಾಜಸ್ಥಾನದ ಒಂದು ಶಾಲೆಯ ದಾಖಲೆ. ಬಾಲನ್ಯಾಯ ಅಧಿನಿಯಮದ 94ನೇ ಕಲಂ ವಯಸ್ಸಿಗೆ ಮೊದಲ ಪುರಾವೆಯಾಗಿ ಎಣಿಸುವುದು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರವನ್ನು. ಅವು ಇಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರವನ್ನು. ಯಾವುದೂ ಇಲ್ಲದಾಗ ಮಾತ್ರ ಮೂಳೆಯ ಪರೀಕ್ಷೆ. ಮನೆಯಲ್ಲಿ ಯಾರಿಗಾದರೂ ಅಂಥ ಅನುಮಾನವಿದ್ದರೆ, ಹುಡುಗ ಮೊದಲು ಓದಿದ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರನ್ನು ಈ ವಾರವೇ ಕಂಡು, ದಾಖಲಾತಿ ವಹಿಯ ಆ ಪುಟದ ದೃಢೀಕೃತ ನಕಲು ಕೇಳಿ.